ಅಪ್‌ಡೇಟ್: ಕೆಲಸಕ್ಕೆ ಸೇರಿದರೂ ಮಗಳ ಜೀವನಾಂಶಕ್ಕೆ ಅಡ್ಡಿಯಾಗಲಿಲ್ಲ

ವಿರಾಜಪೇಟೆಯ ಹೋಂಸ್ಟೇಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರೆ ಮಗಳಿಗಾಗಿ ಅವಳ ತಂದೆಯಿಂದ ಕೋರಿರುವ ಮಧ್ಯಂತರ (ಪ್ರಕರಣ ಮುಗಿಯುವವರೆಗಿನ) ಜೀವನಾಂಶ ಕೈತಪ್ಪುವುದೇ ಎಂದು ಕೇಳಿದ್ದೆ. ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿರೆಂದವರ ಸಲಹೆಯೇ ಫಲಿಸಿತು. ಅಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಹಿರಿಯರನ್ನು ಕೂರಿಸಿ ಮಾತನಾಡಿಸಿದ್ದು ವ್ಯರ್ಥವಾಯಿತು. ಸಂಬಳವನ್ನು ನಗದಾಗಿ ಪಡೆದು ಮುಚ್ಚಿಡಿ ಎಂಬ ಸಲಹೆಯನ್ನಂತೂ ದಯವಿಟ್ಟು ಯಾರೂ ಪಾಲಿಸಬೇಡಿ: ಸುಪ್ರೀಂ ಕೋರ್ಟಿನ 2020ರ ರಜನೇಶ್–ನೇಹಾ ತೀರ್ಪಿನಂತೆ ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲಗಳ ವಿವರವನ್ನು ಪ್ರಮಾಣಪತ್ರದಲ್ಲಿ (ಅಫಿಡವಿಟ್) ಕೊಡಬೇಕಾದುದರಿಂದ, ನಾನು ಸಂಬಳದ ಚೀಟಿಯನ್ನೂ ಶಾಲಾ ಶುಲ್ಕ, ವ್ಯಾನ್ ಬಾಡಿಗೆಯ ರಸೀದಿಗಳನ್ನೂ ಲಗತ್ತಿಸಿದೆ. ತಾಯಿಯ ದುಡಿಮೆ ತಂದೆಯ ಹೊಣೆಯನ್ನು ಅಳಿಸುವುದಿಲ್ಲವೆಂದು ನ್ಯಾಯಾಲಯ ಒಪ್ಪಿತು. ಅಚ್ಚರಿಯೆಂದರೆ, ಜೀವನಾಂಶ ಆದೇಶದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಬಾಕಿ ಇನ್ನೂ ಕೈಸೇರಿಲ್ಲ. ಆದ್ದರಿಂದ ಕೆಲಸ ಬಿಡುವ ಮಾತೇ ಇಲ್ಲ.