ಮಳೆಗೆ ಪಂಚಾಂಗದಲ್ಲೇ (ಅಡಿಪಾಯದಲ್ಲೇ) ನಿಂತ ಕೆಲಸ: ಮನೆಗೆ ತಾಗಿದ ಕೋಣೆ ಮೊದಲಾ, ಹಿತ್ತಿಲ ಗೆಸ್ಟ್ ಹೌಸ್ ಮೊದಲಾ?

ಬದಿಯಡ್ಕ ಹಿತ್ತಿಲು

ಹಳೆ ಹಂಚಿನ ಮನೆ, ಕೆಂಪುಕಲ್ಲಿನ ಗೋಡೆ. ಹಿಂಬದಿಗೆ ತಾಗಿಸಿ ಒಂದು ಕೋಣೆ, ಬಚ್ಚಲು ಸೇರಿ 400 ಚದರ ಅಡಿ. ಅಲ್ಲಿಂದ 30 ಅಡಿ ಆಚೆ, ತೋಟದ ಬದಿಗೆ ನೆಂಟರಿಗೆಂದು 16×20 ಅಡಿಯ ಸಣ್ಣ ಮನೆ. ಪರ್ಮಿಟ್ ಎರಡಕ್ಕೂ ಆಗಿದೆ. ಪತ್ತನಾಜೆಗೆ (ಮೇ ಕೊನೆಗೆ) ಮೊದಲು ಎರಡರ ಪಂಚಾಂಗವೂ ಮುಗಿಯಬೇಕಿತ್ತು, ಮಳೆ ಬಿಡಲಿಲ್ಲ.

ಈಗ ಗೆಸ್ಟ್ ಹೌಸಿನದ್ದು ಬೆಲ್ಟ್ (ಪಂಚಾಂಗದ ಮೇಲಿನ ಕಾಂಕ್ರೀಟ್ ಪಟ್ಟಿ) ವರೆಗೆ ಆಗಿದೆ. ಮನೆ ಬದಿಯದ್ದು ಪಂಚಾಂಗಕ್ಕೆ ತೋಡಿದ ಬರೀ ಕಣಿ, ಅದರಲ್ಲಿ ಎರಡು ಅಡಿ ನೀರು. ಕೆಂಪುಕಲ್ಲು ಅಂಗಳದಲ್ಲಿ ನೆನೆಯುತ್ತಾ ಉಂಟು, ಸಿಮೆಂಟ್ 60 ಚೀಲ ಕೊಟ್ಟಿಗೆಯಲ್ಲಿ. ಎರಡು ಮೂರು ದಿನ ಮಳೆ ಬಿಟ್ಟು ಹೊಳವು ಸಿಕ್ಕಿದರೆ ಎರಡಕ್ಕೂ ಒಟ್ಟಿಗೆ ಕೈ ಹಾಕುವ, ಹಳೆ ಗೋಡೆಯನ್ನೂ ಈಗಲೇ ಒಡೆದು ಬಾಗಿಲು ಬಿಡಿಸುವ ಎನ್ನುತ್ತಾರೆ ಮೇಸ್ತ್ರಿ. ಒಪ್ಪಬಹುದಾ?

ಸೈಟ್ ನೋಟ

ಗೋಡೆ ಒಡೆಯುವ ಮಾತು ಸದ್ಯಕ್ಕೆ ಬೇಡವೇ ಬೇಡ. ಹೊಸ ಕೋಣೆಗೆ ಮಾಡು (ಛಾವಣಿ) ಆದ ಮೇಲೆ ಕಟ್ಟಕಡೆಗೆ ಮಾಡುವ ಕೆಲಸ ಅದು.

ಅದಕ್ಕಿಂತ ಅರ್ಜೆಂಟಿನದ್ದು ನೀರು ನಿಂತ ಕಣಿ. ನಮ್ಮ ಕಡೆಯ ಹಳೆ ಮನೆಗಳ ಪಂಚಾಂಗ ಹೆಚ್ಚಾಗಿ ಮಣ್ಣಿನ ಗಾರೆಯಲ್ಲಿ ಕಟ್ಟಿದ್ದು, ಕಾಂಕ್ರೀಟ್ ಬೆಲ್ಟ್ ಇರುವುದಿಲ್ಲ. ಅದರ ಬುಡದಲ್ಲಿ ವಾರಗಟ್ಟಲೆ ನೀರು ನಿಂತರೆ ಮಣ್ಣು ಮೆತ್ತಗಾಗಿ ಕಣಿಯ ಕಡೆಗೆ ಜರಿಯುತ್ತದೆ, ಹಿಂದೆಯೇ ಗೋಡೆಯಲ್ಲಿ ಬಿರುಕು. ಮೊದಲು ಹಳೆ ಪಂಚಾಂಗದ ತಳ ಎಲ್ಲಿದೆ ನೋಡಿ. ಹೊಸ ಕಣಿ ಅದಕ್ಕಿಂತ ಆಳ ಹೋಗಿದ್ದರೆ ಅಪಾಯ ಉಂಟು, ಎಂಜಿನಿಯರನ್ನು ಕರೆಸಿ ತೋರಿಸಿಯೇ ಮುಂದಿನ ಕೆಲಸ.

ನೀರು ತೆಗೆಯುವುದಕ್ಕೂ ಕ್ರಮ ಉಂಟು. ಹಳೆ ಗೋಡೆಯಿಂದ ದೂರದ ಮೂಲೆಯಲ್ಲಿ ಕಣಿಯ ತಳಕ್ಕಿಂತ ಒಂದು ಅಡಿ ಆಳದ ಗುಂಡಿ ತೋಡಿ, ತಳಕ್ಕೆ ಜಲ್ಲಿ ಹಾಕಿ, ಪಂಪಿನ ಫುಟ್‌ವಾಲ್ವ್ (ನೀರು ಎಳೆಯುವ ಬಾಯಿ) ಅಲ್ಲಿ ಇಡಿ. ನಿಧಾನಕ್ಕೆ ಇಳಿಸಿ. ಒಮ್ಮೆಗೇ ಬರಿದು ಮಾಡಿದರೆ ಬದಿಯ ಒದ್ದೆ ಮಣ್ಣಿಗೆ ಆಧಾರ ತಪ್ಪಿ ದರೆ (ಕಣಿಯ ಬದಿ) ಕುಸಿಯುತ್ತದೆ. ಹೊರಗೆ ಬರುವ ನೀರು ಕೆಂಪಾಗಿಯೇ ಇದ್ದರೆ ನಿಲ್ಲಿಸಿ, ಅಡಿಯ ಮಣ್ಣನ್ನು ಎಳೆದು ತರುತ್ತಿದೆ ಎಂದು ಲೆಕ್ಕ.

ಆಮೇಲೆ ಹಳೆ ಗೋಡೆಯ ಬದಿಯದ್ದನ್ನು ಮಾತ್ರ ನಾಲ್ಕೈದು ಅಡಿಯ ತುಂಡು ಮಾಡಿ, ಒಂದು ಬಿಟ್ಟು ಒಂದರಂತೆ ಕಟ್ಟಿಸಿ. ತಳದ ಕೆಸರನ್ನು ಗಟ್ಟಿ ನೆಲ ಸಿಗುವವರೆಗೆ ಕೆರೆದು ತೆಗೆಯಬೇಕು. ತಗ್ಗಾದ ಕಡೆ ಮಣ್ಣು ತುಂಬಿಸಿ ಮಟ್ಟ ಮಾಡುವುದಲ್ಲ, 1:4:8 (ಸಿಮೆಂಟ್, ಮರಳು, ಜಲ್ಲಿ) ಬೆಡ್ ಕಾಂಕ್ರೀಟನ್ನೇ ದಪ್ಪ ಹಾಕುವುದು, ಕಡಿಮೆ ಎಂದರೆ 4 ಇಂಚು. ಅದರ ಮೇಲೆ ಕಗ್ಗಲ್ಲು, 1:6 ಗಾರೆ. ಒಂದು ತುಂಡು ನೆಲಮಟ್ಟಕ್ಕೆ ಬಂದು ಎರಡೂ ಬದಿ ಮಣ್ಣು ತುಂಬಿಸಿ ಗುಮ್ಮಿದ ಮೇಲೆಯೇ ಪಕ್ಕದ್ದನ್ನು ಹಿಡಿಯಿರಿ.

ಇಷ್ಟಾದರೆ ಮನೆ ಬದಿಯದ್ದನ್ನು ಪ್ಲಾಸ್ಟಿಕ್ ಮುಚ್ಚಿ ಮಳೆಗಾಲ ಕಳೆಯುವವರೆಗೆ ಬಿಟ್ಟುಬಿಡಿ. ಗೆಸ್ಟ್ ಹೌಸ್ ಮೊದಲು.

ಮುರಕಲ್ಲು

ಮೇಲಿನದ್ದಕ್ಕೆ ನನ್ನದೂ ಓಟು. ಗೆಸ್ಟ್ ಹೌಸಿಗೆ ಟೆರೇಸ್ ಬೇಡ, ಜಿಐ ಪೈಪಿನ ಟ್ರಸ್ (ಮಾಡಿನ ಚೌಕಟ್ಟು) ಕೊಟ್ಟು ಹಂಚು ಹೊದೆಸಿ. ಟ್ರಸ್ಸನ್ನು ವರ್ಕ್‌ಶಾಪಿನಲ್ಲೇ ವೆಲ್ಡ್ ಮಾಡಿ ತರಬಹುದು, ಮಳೆಗೂ ಅದಕ್ಕೂ ಸಂಬಂಧ ಇಲ್ಲ. ಗೋಡೆಯಾಚೆಗೆ ಎರಡೂವರೆ ಅಡಿ ಇರೆ ಬಿಟ್ಟರೆ ಸುಮಾರು 600 ಚದರ ಅಡಿ ಮಾಡು ಬರುತ್ತದೆ, 850ರಿಂದ 900 ಮಂಗಳೂರು ಹಂಚು ಬೇಕಾದೀತು. ಹಂಚು ಕೂರುವ ಪಟ್ಟಿಯ ಅಂತರವನ್ನು ನಿಮ್ಮ ಹಂಚನ್ನೇ ಇಟ್ಟು ನೋಡಿ ಗುರುತು ಮಾಡಿಸಿ, ಅರ್ಧ ಇಂಚು ತಪ್ಪಿದರೂ ಗಾಳಿಮಳೆಗೆ ನೀರು ಒಳಗೆ ಹೊಡೆಯುತ್ತದೆ. ಆ ಮಾಡು ಆದರೆ ಸಿಮೆಂಟಿಗೆ, ಕಂಬಿ ಬಗ್ಗಿಸಲಿಕ್ಕೆ, ಆಚಾರಿಯ ದಾರಂದ ಕೆಲಸಕ್ಕೆ ಒಣ ಜಾಗ ಸಿಕ್ಕಿದ ಹಾಗಾಯಿತು.

ಗೋಡೆ ಏಳುವವರೆಗೆ ಅಡಿಕೆ ಮರದ ಕಂಬ ನೆಟ್ಟು ಮೇಲೆ ಟಾರ್ಪಾಲು ಎಳೆಯಿರಿ. ಚಪ್ಪಟೆ ಕಟ್ಟಬೇಡಿ, ಹೊಟ್ಟೆಯಲ್ಲಿ ನೀರು ತುಂಬಿ ಹರಿದೇ ಹೋಗುತ್ತದೆ.

ಕಲ್ಲಿನ ವಿಷಯ. ಕೋರೆಯಿಂದ ಹೊಸತಾಗಿ ತೆಗೆದ ಕೆಂಪುಕಲ್ಲು ಮೆದು, ಗಾಳಿ ಬಿಸಿಲಿಗೆ ನಿಂತು ಗಟ್ಟಿಯಾಗುವ ಜಾತಿ ಅದು. ಮಳೆಗೆ ನೆಂದದ್ದರಿಂದ ಕಲ್ಲು ಹಾಳಾಗುವುದಿಲ್ಲ, ಆದರೆ ಅದೇ ಚಂಡಿ (ಒದ್ದೆ) ಕಲ್ಲನ್ನು ಕಟ್ಟಿದರೆ ಗಾರೆಯ ನೀರನ್ನು ಎಳೆಯದೆ ಕಲ್ಲು ಜಾರುತ್ತದೆ, ಸಂದಿನಿಂದ ಗಾರೆ ಒಸರುತ್ತದೆ. ಎರಡು ದಿನ ಮಾಡಿನಡಿ ಇಟ್ಟು, ಮೇಲ್ಮೈಯ ಹೊಳಪು ಆರಿದ ಮೇಲೆ ಕಟ್ಟಬೇಕು. ಬೇಸಿಗೆಯಲ್ಲಿ ಕಲ್ಲು ನೆನೆಸಿ ಕಟ್ಟಿ ಅಭ್ಯಾಸ ಆದವರು ಮಳೆಗಾಲದಲ್ಲೂ ಬಾಲ್ದಿ ಹಿಡಿಯುತ್ತಾರೆ, ಬಿಡಬೇಡಿ! ಬಿಳಿ ಜೇಡಿಯ ಪಟ್ಟೆ ಕಾಣುವ ಕಲ್ಲನ್ನು ಬದಿಗೆ ಹಾಕಿ. ಭಾರತೀಯ ಮಾನಕದ ಪ್ರಕಾರ ಕೆಂಪುಕಲ್ಲು ಹೀರುವ ನೀರು ಅದರ ತೂಕದ 12 ಶೇಕಡಾ ದಾಟಬಾರದು, ಜೇಡಿ ಇದ್ದದ್ದು ಅಲ್ಲಿ ನಿಲ್ಲುವುದಿಲ್ಲ.

ದಿನಕ್ಕೆ ಮೂರು ಅಡಿಗಿಂತ ಎತ್ತರ ಬೇಡ. ಸಂಜೆ ಮೇಲಿನ ವರಸೆಯನ್ನು ಪ್ಲಾಸ್ಟಿಕ್ ಹಾಕಿ ಮುಚ್ಚಿ ಮೇಲೆ ಕಲ್ಲು ಹೇರಿ, ನೆತ್ತಿಯಿಂದ ಇಳಿದ ನೀರು ತಿಂಗಳಾದರೂ ಗೋಡೆಯಿಂದ ಹೋಗುವುದಿಲ್ಲ. ಲಿಂಟಲ್ ಕಟ್ಟದೆ ಉದ್ದದ ಗೋಡೆಯನ್ನು ಆಟಿ ತಿಂಗಳ (ಜುಲೈ-ಆಗಸ್ಟ್) ಗಾಳಿಗೆ ಒಂಟಿಯಾಗಿ ನಿಲ್ಲಿಸಬಾರದು. ಸಾರಣೆಯ ಮಾತು ಗೋಡೆ ಒಣಗಿದ ಮೇಲೆ.

ಬದಿಯಡ್ಕ ಹಿತ್ತಿಲು

ಇಬ್ಬರಿಗೂ ಉಪಕಾರ. ಕಣಿಯ ತಳ ಹಳೆ ಪಂಚಾಂಗಕ್ಕಿಂತ ಅರ್ಧ ಅಡಿ ಮೇಲೇ ಇದೆ, ಸದ್ಯ ಬಚಾವ್. ಮನೆ ಬದಿಯ ಕೋಣೆಗೆ ಟೆರೇಸೇ ಬೇಕೆಂದು ಮನೆಯವರ ಹಠ. ಸೆಪ್ಟೆಂಬರಿನಲ್ಲಿ ಹಾಕಬಹುದಾ? ಹಳೆ ಗೋಡೆಗೆ ಹೊಸ ಗೋಡೆಯನ್ನು ಹಲ್ಲು ಕೊಟ್ಟು (ಕಲ್ಲಿಗೆ ಕಲ್ಲು ಹೆಣೆದು) ಸೇರಿಸುವುದಾ?

ಸೆಂಟ್ರಿಂಗ್ ಪೆರ್ಲ

ಸೆಪ್ಟೆಂಬರಿನಲ್ಲಿ ಹಾಕಿದರೂ ಆದೀತು, ಅಕ್ಟೋಬರ ಆದರೂ ಆದೀತು. ತುಲಾ ತಿಂಗಳ (ಅಕ್ಟೋಬರ-ನವೆಂಬರ) ಮಳೆ ಹೆಚ್ಚಾಗಿ ಮಧ್ಯಾಹ್ನ ಕಳೆದು ಗುಡುಗಿನೊಟ್ಟಿಗೆ ಬರುವುದು, ಬೆಳಗ್ಗಿನ ಹೊತ್ತು ನಮ್ಮದು. 400 ಚದರ ಅಡಿ, 5 ಇಂಚು ದಪ್ಪ ಎಂದರೆ ಸುಮಾರು 4.7 ಘನ ಮೀಟರ್. 1:1½:3 ಮಿಶ್ರಣಕ್ಕೆ ಸಿಮೆಂಟ್ 38 ಚೀಲ, ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) 70 ಘನ ಅಡಿ, ಮುಕ್ಕಾಲು ಇಂಚಿನ ಜಲ್ಲಿ 140 ಘನ ಅಡಿ, ಬೀಮಿನದ್ದು ಬೇರೆ. ಒಂದು ಚೀಲದ ಮಿಕ್ಸರಿನಲ್ಲಿ ಐದು ನಿಮಿಷಕ್ಕೊಂದು ಗಾರಿ (ಒಂದು ಸಲದ ಮಿಶ್ರಣ) ಹಿಡಿದರೆ ಮೂರು ಗಂಟೆ ಚಿಲ್ಲರೆ. ಆರಕ್ಕೆ ಸುರು ಮಾಡಿದರೆ ಹತ್ತರೊಳಗೆ ಮುಗಿಯಿತು. ಜಲ್ಲಿ, ಎಂ ಸ್ಯಾಂಡ್ ಮೊದಲೇ ಇಳಿಸಿಕೊಳ್ಳಿ, ರೆಡ್ ಅಲರ್ಟ್ ಬಂದರೆ ಕೋರೆ ನಿಲ್ಲಿಸುತ್ತಾರೆ.

ಮಳೆಗಾಲದ ಸ್ಲ್ಯಾಬ್ ಕೆಡುವುದು ಮೇಲಿಂದ ಬಿದ್ದ ನೀರಿಗಿಂತ ಹೆಚ್ಚು, ಹೊಯಿಗೆಯ (ಮರಳಿನ) ಹೊಟ್ಟೆಯೊಳಗಿನ ನೀರಿಗೆ. ಚೀಲಕ್ಕೆ 25 ಲೀಟರ್ ಎಂದು ಲೆಕ್ಕ ಹಿಡಿಯಿರಿ. ಸಾಧಾರಣ ಒದ್ದೆ ಎಂ ಸ್ಯಾಂಡ್ ಒಂದು ಚೀಲದ ಪಾಲಿಗೆ 4 ಲೀಟರ್ ತಾನೇ ತರುತ್ತದೆ, ನೀರು ಇಳಿಯುತ್ತಿದ್ದರೆ 6. ಒದ್ದೆ ಜಲ್ಲಿಯದ್ದು ಎರಡು ಮೂರು ಲೀಟರ್. ಅಂದರೆ ಹೊರಗಿನಿಂದ ಹಾಕುವುದು 16ರಿಂದ 19 ಮಾತ್ರ. ಮಿಕ್ಸರಿನವ ಕಣ್ಣಂದಾಜಿಗೆ ಬಾಲ್ದಿ ಮಗುಚಿದರೆ ಸ್ಲ್ಯಾಬು ಮುಂದಿನ ವರ್ಷ ಸೋರುತ್ತದೆ. ಗುರುತು ಹಾಕಿದ ಬಾಲ್ದಿ ಕೊಡಿ, ಪಕ್ಕದಲ್ಲಿ ಒಬ್ಬರು ನಿಲ್ಲಿ. ಇನ್ನೊಂದು, ಸ್ವಲ್ಪ ತೇವ ಇರುವ ಹೊಯಿಗೆ ಉಬ್ಬುತ್ತದೆ, ಡಬ್ಬಿ ಅಳತೆಯಲ್ಲಿ ಕಾಲು ಭಾಗದಷ್ಟು ಕಡಿಮೆ ಬಿದ್ದೀತು. ಬಾಲ್ದಿಯಲ್ಲಿ ಹೊಯಿಗೆ ತುಂಬಿಸಿ, ಮುಳುಗುವಷ್ಟು ನೀರು ಹೊಯ್ದು ಕಲಕಿ ಬಿಡಿ, ಎಷ್ಟು ಕೆಳಗೆ ಕೂತಿತು ಎಂದು ನೋಡಿ ಅಷ್ಟು ಸೇರಿಸಿಕೊಳ್ಳಿ.

ಸ್ಲ್ಯಾಬಿನಡಿ ಆಧಾರಕ್ಕೆ ಕೊಡುವ ಜ್ಯಾಕಿಯ ಬುಡಕ್ಕೆ ಹಲಗೆ ಇರಲೇಬೇಕು. ಹೊಸದಾಗಿ ತುಂಬಿಸಿದ ಮಣ್ಣಿನ ಮೇಲೆ ನೇರ ನಿಲ್ಲಿಸಿದರೆ ಒಂದೇ ಮಳೆಗೆ ಹೂತು ಸ್ಲ್ಯಾಬ್ ಹೊಟ್ಟೆ ಬಿಡುತ್ತದೆ. ಮಿಕ್ಸರಿನ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್ಚು) ಹಾಕಿಸಿ.

ಮಧ್ಯದಲ್ಲಿ ಜೋರು ಮಳೆ ಬಂದರೆ ಅಡ್ಡ ಹಲಗೆ ಕಟ್ಟಿ ನೇರ ನಿಲ್ಲಿಸಿ, ಎರಡು ಆಧಾರದ ನಡುವೆ ಮೂರನೇ ಒಂದು ಭಾಗದಲ್ಲಿ. ಇಳಿಜಾರಾಗಿ ಬಿಡಬಾರದು, ಸಜ್ಜಾದ ಹತ್ತಿರವೂ ಬೇಡ. ಹಾಕಿದ್ದರ ಮೇಲೆ ಪ್ಲಾಸ್ಟಿಕ್ ಹೊದೆಸಿ. ಮೇಲ್ಮೈ ತೊಳೆದು ಹೋಯಿತೆಂದು ಒಣ ಸಿಮೆಂಟ್ ಉದುರಿಸಿ ಉಜ್ಜುವುದು ಬರೀ ಕಣ್ಕಟ್ಟು, ಆ ಪದರ ಆಮೇಲೆ ಹಪ್ಪಳದ ಹಾಗೆ ಏಳುತ್ತದೆ.

ಮಳೆ ಉಂಟೆಂದು ಕ್ಯೂರಿಂಗ್ ಮರೆಯುವವರೂ ಇದ್ದಾರೆ. ಪಿಪಿಸಿ (ಪೊಝೊಲಾನ ಬೆರೆಸಿದ) ಸಿಮೆಂಟಿಗೆ ನೀರು ಹಾಕಿ ನೆನೆಸುವುದು ಹತ್ತು ದಿನ ಕನಿಷ್ಠ, ಹದಿನಾಲ್ಕು ಒಳ್ಳೆಯದು. ಜ್ಯಾಕಿಯನ್ನು ಹದಿನಾಲ್ಕು ದಿನಕ್ಕೆ ಮೊದಲು ಮುಟ್ಟಬೇಡಿ.

ಸೈಟ್ ನೋಟ

ಹಲ್ಲು ಕೊಡಬೇಡಿ. ಹಳೆಯದು ಕೂರುವಷ್ಟು ಕೂತಾಗಿದೆ, ಹೊಸದು ಇನ್ನು ಕೂರಬೇಕಷ್ಟೆ. ಎರಡನ್ನೂ ಕಟ್ಟಿಹಾಕಿದರೆ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಬರುವುದು ಹಳೆ ಗೋಡೆಗೆ. ನಡುವೆ ಒಂದು ಇಂಚಿನ ಥರ್ಮೋಕೋಲ್ ಹಾಳೆ ನಿಲ್ಲಿಸಿ, ಹೊಸ ಗೋಡೆಯನ್ನು ತನ್ನದೇ ಪಂಚಾಂಗದ ಮೇಲೆ ಸ್ವತಂತ್ರ ಕಟ್ಟಿ. ಒಂದು ಮಳೆಗಾಲ ಕಳೆದ ಮೇಲೆ ಸಂದಿಗೆ ಸೀಲೆಂಟ್ ತುಂಬಿ, ಒಳಗಿನಿಂದ ಒಂದೇ ಬದಿಗೆ ಸ್ಕ್ರೂ ಹಾಕಿ ಪಟ್ಟಿ ಮುಚ್ಚಿದರಾಯಿತು.

ಸೋರುವ ಜಾಗ ಹಳೆ ಹಂಚಿನ ಇಳಿಜಾರು ಬಂದು ಹೊಸ ಟೆರೇಸಿಗೆ ಸೇರುವಲ್ಲಿ. ಅಲ್ಲಿ 12 ಇಂಚು ಅಗಲದ ಅಲ್ಯೂಮಿನಿಯಂ ದಂಬೆ (ನೀರು ಹರಿಯುವ ತೊಟ್ಟಿಲು) ಬೇಕು, ಹಂಚಿನ ಅಡಿಗೆ 6 ಇಂಚು ನುಗ್ಗಿರಬೇಕು. 30×15 ಅಡಿಯ ಇಳಿಜಾರಿಗೆ ಗಂಟೆಗೆ 100 ಮಿಲಿಮೀಟರ್ ಮಳೆ ಬಿದ್ದರೆ ನಿಮಿಷಕ್ಕೆ 70 ಲೀಟರ್ ನೀರು. ಒಂದು 4 ಇಂಚಿನ ಪೈಪು ಎಳೆಯುತ್ತದೆ, ಆದರೂ ಎರಡೂ ತುದಿಗೆ ಒಂದೊಂದು ಕೊಡಿ, ತೋಟದ ಬದಿಯ ಮನೆಯಲ್ಲಿ ಒಂದು ಬಾಯಿ ಕಸ ಕಟ್ಟದೆ ಇರುವುದಿಲ್ಲ.

ಕುಂಬಳೆ ಪ್ಲಾನ್

ನಮ್ಮ ಕೇರಳದಲ್ಲಿ ಪರ್ಮಿಟ್ಟಿಗೆ ಐದು ವರ್ಷದ ಅವಧಿ ಉಂಟು, ಮಳೆಗೆ ಹೆದರಿ ಓಡಬೇಕಿಲ್ಲ. ಆದರೆ ಟೆರೇಸ್ ಬದಲು ಹಂಚು ಎಂದಾದರೆ ಪ್ಲಾನ್ ತಿದ್ದಬೇಕಾ ಎಂದು ಪ್ಲಾನ್ ಮಾಡಿಕೊಟ್ಟ ನಿಮ್ಮ ಲೈಸೆನ್ಸಿಯ ಹತ್ತಿರ ಮೊದಲೇ ಕೇಳಿ. ಕೋಣೆ ಸೇರಿ ಮನೆ 100 ಚದರ ಮೀಟರ್ ದಾಟಿದರೆ ಒಮ್ಮೆ ಕಟ್ಟುವ ಕಟ್ಟಡ ತೆರಿಗೆಯೂ ಬರುತ್ತದೆ.

ಯಾರೂ ಹೇಳದ್ದು ಸೆಪ್ಟಿಕ್ ಟ್ಯಾಂಕ್. ಬಾವಿಯಿಂದ 7.5 ಮೀಟರ್ ದೂರ ಇರಲೇಬೇಕು. ಫೈಬರ್ ಟ್ಯಾಂಕ್ ಇಡುವುದಾದರೆ ಮಳೆಗಾಲದಲ್ಲಿ ಖಾಲಿ ಹೂಳಬೇಡಿ. 1500 ಲೀಟರಿನದ್ದನ್ನು ಸುತ್ತಲಿನ ನೀರು ಒಂದೂವರೆ ಟನ್ ಬಲದಲ್ಲಿ ಮೇಲಕ್ಕೆ ನೂಕುತ್ತದೆ, ಬೆಳಗ್ಗೆ ನೋಡುವಾಗ ಟ್ಯಾಂಕ್ ಪೈಪ್ ಮುರಿದುಕೊಂಡು ಮೇಲೆ ತೇಲುತ್ತಿರುತ್ತದೆ. ಅಡಿಗೆ ಕಾಂಕ್ರೀಟ್ ಹಾಕಿ ಟ್ಯಾಂಕನ್ನು ಅದಕ್ಕೆ ಬಿಗಿಯಿರಿ, ಸುತ್ತ ಹೊಯಿಗೆ ತುಂಬಿಸುತ್ತಾ ಬಂದ ಹಾಗೆ ಒಳಗೂ ಅದೇ ಮಟ್ಟಕ್ಕೆ ನೀರು ತುಂಬಿಸಿ.