ಎರಡು ತಿಂಗಳ ಮರಿ ಬರುತ್ತಿದೆ, ಮನೆಯಲ್ಲಿ ಏನೇನು ಎತ್ತಿಡಬೇಕು?

ಸಂಜೆಗಾಳಿ:
ಮುಂದಿನ ವಾರ ನಮ್ಮ ಮನೆಗೆ ನಾಯಿಮರಿ ಬರುತ್ತಿದೆ. ನಾನು ನಾಯಿ ಸಾಕುತ್ತಿರುವುದು ಇದೇ ಮೊದಲು. ಬಟ್ಟಲು, ಹಾಸಿಗೆ, ಆಟಿಕೆ ಎಲ್ಲ ರೆಡಿ. ಆದರೆ ಮನೆ ರೆಡಿ ಇದೆಯಾ ಅನ್ನೋದೇ ಅನುಮಾನ. ಟಿವಿ ಹಿಂದೆ ವೈರುಗಳ ರಾಶಿ, ಬಾಲ್ಕನಿ ತುಂಬಾ ಕುಂಡಗಳು, ಮೇಲಕ್ಕೆ ಮೆಟ್ಟಿಲು ಬೇರೆ. ವೈರಿಗೆ ಕಹಿ ಸ್ಪ್ರೇ ಹೊಡೆದರೆ ಸಾಕು ಅಂತ ಒಬ್ಬರು ಹೇಳಿದರು. ನಿಜವಾಗಿ ಸಾಕಾ? ಎಲ್ಲಿಂದ ಶುರು ಮಾಡಲಿ?

ಕಪ್ಪುಮೂಗು:
ಇಡೀ ಮನೆ ಸರಿ ಮಾಡುವ ಯೋಚನೆ ಬಿಡಿ, ಆಗುವ ಕೆಲಸ ಅಲ್ಲ. ಒಂದು ಕೋಣೆ ಆರಿಸಿ, ಬಾಗಿಲಿಗೆ ಮಕ್ಕಳ ಗೇಟ್ ಹಾಕಿ, ಅದೊಂದನ್ನು ಪೂರ್ತಿ ಖಾಲಿ ಮಾಡಿ. ನಿಮ್ಮ ಕಣ್ಣಿಲ್ಲದ ಹೊತ್ತಿನಲ್ಲಿ ಮರಿ ಅಲ್ಲೇ ಇರಲಿ, ಉಳಿದ ಮನೆಗೆ ನಿಮ್ಮ ಜೊತೆಯಲ್ಲೇ ಬರಲಿ. ಆ ಕೋಣೆಯಲ್ಲಿ ಒಮ್ಮೆ ನೆಲದ ಮೇಲೆ ಹೊಟ್ಟೆ ಹಚ್ಚಿ ಮಲಗಿ ನೋಡಿ. ನಿಂತಾಗ ಕಾಣದ ಪಿನ್ನು, ಗುಂಡಿ, ರಬ್ಬರ್ ಬ್ಯಾಂಡ್, ಸೋಫಾ ಕೆಳಗೆ ಉರುಳಿದ ಮಾತ್ರೆ ಎಲ್ಲ ಕಾಣುತ್ತವೆ.

ವೈರ್ ವಿಷಯ ಮಾತ್ರ ಹಗುರವಾಗಿ ತಗೋಬೇಡಿ. ಸ್ಪ್ರೇ ನಂಬಿ ಕೂರಬೇಡಿ, ಕೆಲವು ಮರಿಗಳು ಅದನ್ನೂ ನೆಕ್ಕುತ್ತವೆ. ವೈರನ್ನು ಪೈಪಿನೊಳಗೆ ಹಾಕಿ, ಇಲ್ಲ ಮೇಲೆ ಕಟ್ಟಿ, ಬಳಸದಿದ್ದಾಗ ಪ್ಲಗ್ ಕಿತ್ತುಬಿಡಿ. ಅಕಸ್ಮಾತ್ ಕಚ್ಚಿ ಶಾಕ್ ಹೊಡೆದರೆ ಮರಿಯನ್ನು ಮುಟ್ಟುವ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ. ಆಮೇಲೆ ಓಡಾಡಿಕೊಂಡು ಚೆನ್ನಾಗೇ ಇದ್ದರೂ ಡಾಕ್ಟರಿಗೆ ತೋರಿಸಲೇಬೇಕು, ಯಾಕೆಂದರೆ ಬಾಯಿ ಸುಡುವುದು ಒಂದು ಕಡೆ, ಕೆಲವು ಗಂಟೆ ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬುವುದೂ ಉಂಟು.

ನಾಲ್ಕುಕಾಲು:
ಕಪ್ಪುಮೂಗು ಹೇಳಿದ್ದು ಸರಿ. ನನಗೆ ವೈರಿಗಿಂತ ಬ್ಯಾಗುಗಳ ಭಯ ಜಾಸ್ತಿ. ಮನೆಗೆ ಬಂದವರು ಬ್ಯಾಗನ್ನು ನೆಲದ ಮೇಲೆ ಇಡುತ್ತಾರೆ, ಅದರೊಳಗೆ ತಲೆನೋವಿನ ಮಾತ್ರೆ ಇರುತ್ತದೆ, ಚೂಯಿಂಗ್ ಗಮ್ ಇರುತ್ತದೆ. ಸಕ್ಕರೆ ಇಲ್ಲದ ಗಮ್‌ನಲ್ಲಿ ಎಷ್ಟೋ ಸಲ ಸಕ್ಕರೆ ಬದಲು ಸಿಹಿಗೆ ಹಾಕುವ ಕ್ಸೈಲಿಟಾಲ್ ಇರುತ್ತದೆ. ಅದು ನಾಯಿಯ ಹೊಟ್ಟೆಗೆ ಹೋದರೆ ಒಂದು ಗಂಟೆಯೊಳಗೇ ರಕ್ತದ ಸಕ್ಕರೆ ಕುಸಿಯಬಹುದು. ಐಬುಪ್ರೊಫೆನ್, ಪ್ಯಾರಸಿಟಮಾಲ್ ಕೂಡ ನಾಯಿಗೆ ವಿಷವೇ. ಬ್ಯಾಗಿಗೆ ಎತ್ತರದಲ್ಲಿ ಒಂದು ಕೊಕ್ಕೆ ಹೊಡೆಯಿರಿ, ಬಂದವರಿಗೆ ಮುಲಾಜಿಲ್ಲದೆ ತೋರಿಸಿ.

ಅಡುಗೆಮನೆಯಲ್ಲಿ ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ಕೈಗೆಟುಕದ ಕಡೆ ಇರಲಿ. ದ್ರಾಕ್ಷಿ ತಿಂದು ಕಿಡ್ನಿ ಕೆಟ್ಟ ನಾಯಿಗಳಿವೆ. ಕಸದ ಡಬ್ಬಕ್ಕೆ ಗಟ್ಟಿ ಮುಚ್ಚಳ ಬೇಕೇ ಬೇಕು. ಬೀರುವಿನ ನುಸಿಗುಳಿಗೆ, ಇಲಿ ಪಾಷಾಣ ಇದ್ದರೆ ಮರಿ ಬರುವ ಮುಂಚೆಯೇ ಆಚೆ ಹಾಕಿ. ಹಲವು ಇಲಿ ಪಾಷಾಣಗಳು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತವೆ, ಲಕ್ಷಣ ಕಾಣಲು ಮೂರ್ನಾಲ್ಕು ದಿನ ಹಿಡಿಯಬಹುದು, ಅಷ್ಟರಲ್ಲಿ ತುಂಬಾ ತಡವಾಗಿರುತ್ತದೆ.

ಸಂಜೆಗಾಳಿ:
ಅಯ್ಯೋ, ಬ್ಯಾಗ್ ತಲೆಗೇ ಹೊಳೆದಿರಲಿಲ್ಲ. ಬಾಲ್ಕನಿ ಕುಂಡಗಳಲ್ಲಿ ಒಂದು ಕಣಗಿಲೆ ಇದೆ, ತೆಗೆಯಬೇಕಾ? ಇನ್ನೊಂದು, ಏನಾದರೂ ನುಂಗಿಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಹುದಾ?

ಹಳೇಚಪ್ಪಲಿ:
ಕಣಗಿಲೆ ಇವತ್ತೇ ತೆಗೆಯಿರಿ. ಎಲೆ, ಹೂ, ಕಡ್ಡಿ ಎಲ್ಲವೂ ವಿಷ, ಹೃದಯಕ್ಕೇ ಹೊಡೆತ. ಸೈಕಾಸ್ (ಪುಟ್ಟ ತಾಳೆಮರದ ಹಾಗೆ ಕಾಣುವ ಅಲಂಕಾರದ ಗಿಡ) ಇದ್ದರೆ ಅದೂ ಬೇಡ.

ಉಪ್ಪುನೀರು ಖಂಡಿತ ಬೇಡ. ಉಪ್ಪೇ ಜಾಸ್ತಿಯಾಗಿ ಪ್ರಾಣಕ್ಕೆ ಬರುತ್ತದೆ. ಟಾಯ್ಲೆಟ್ ಕ್ಲೀನರ್, ಬಟನ್ ಬ್ಯಾಟರಿ ಥರದ್ದು ಹೋಗಿದ್ದರೆ ವಾಂತಿ ಮಾಡಿಸುವುದು ಇನ್ನೂ ಅಪಾಯ, ವಾಪಸ್ ಬರುವಾಗ ಗಂಟಲನ್ನೂ ಸುಡುತ್ತದೆ. ತಿಂದ ವಸ್ತುವಿನ ಕವರ್ ಕೈಯಲ್ಲಿ ಹಿಡಿದುಕೊಂಡು ಡಾಕ್ಟರಿಗೆ ಫೋನ್ ಮಾಡಿ. ರಾತ್ರಿ ತೆರೆದಿರುವ ಪ್ರಾಣಿ ಆಸ್ಪತ್ರೆ ಯಾವುದು ಅಂತ ಈಗಲೇ ವಿಚಾರಿಸಿ ನಂಬರ್ ಫ್ರಿಜ್ ಮೇಲೆ ಅಂಟಿಸಿ.

ಯಾರೂ ಹೇಳದ ಒಂದು ಮಾತು: ಕಾಲುಚೀಲ. ಮರಿಗಳಿಗೆ ಅದರ ವಾಸನೆ ಬಹಳ ಇಷ್ಟ, ನುಂಗಿದರೆ ಕರುಳಿಗೆ ಅಡ್ಡ ಸಿಕ್ಕಿಕೊಂಡು ಆಪರೇಷನ್ ತನಕ ಹೋಗುತ್ತದೆ. ಸೂಜಿ-ದಾರ ಅದಕ್ಕಿಂತ ಕೆಟ್ಟದ್ದು. ಬಾಯಲ್ಲೋ ಹಿಂದೆಯೋ ದಾರ ನೇತಾಡುತ್ತಿದ್ದರೆ ಎಳೆಯಬೇಡಿ, ಒಳಗೆ ಕರುಳನ್ನೇ ಕೊಯ್ಯಬಹುದು.

ಮತ್ತೆ, ಕಚ್ಚಬೇಡ ಅಂತ ಬೈದು ಪ್ರಯೋಜನ ಇಲ್ಲ. ನಾಲ್ಕು ತಿಂಗಳ ಹೊತ್ತಿಗೆ 28 ಹಾಲುಹಲ್ಲು ಬೀಳಲು ಶುರುವಾಗುತ್ತವೆ, ಆರೇಳು ತಿಂಗಳಿಗೆ 42 ಹಲ್ಲು ಬರುತ್ತವೆ. ಅಲ್ಲಿವರೆಗೂ ವಸಡು ಕಡಿಯುತ್ತಲೇ ಇರುತ್ತದೆ. ಕಚ್ಚಲು ಅದರದ್ದೇ ಸಾಮಾನು ಕೊಡಿ. ಹಳೇ ಚಪ್ಪಲಿ ಮಾತ್ರ ಬೇಡ (ಹೆಸರು ನೋಡಿ ನಗಬೇಡಿ), ಹಳೇದು ಯಾವುದು ಹೊಸದು ಯಾವುದು ಅಂತ ಅದಕ್ಕೇನು ಗೊತ್ತು?

ಕಪ್ಪುಮೂಗು:
ಒಂದು ಕೇಳುವುದು ಮರೆತೆ. ನೀವಿರುವ ಮನೆಯಲ್ಲಿ ಇತ್ತೀಚೆಗೆ ಯಾವುದಾದರೂ ನಾಯಿ ಪಾರ್ವೋ (ಮರಿಗಳಿಗೆ ವಾಂತಿ-ಭೇದಿ ತರುವ ವೈರಸ್ ಕಾಯಿಲೆ) ಬಂದು ಸತ್ತಿತ್ತಾ? ಆ ವೈರಸ್ ತಿಂಗಳುಗಟ್ಟಲೆ ನೆಲದಲ್ಲಿ ಉಳಿಯುತ್ತದೆ, ಮಾಮೂಲಿ ಫಿನಾಯಿಲ್‌ಗೆ ಬಗ್ಗುವುದಿಲ್ಲ, ನೀರು ಬೆರೆಸಿದ ಬ್ಲೀಚ್ ಬೇಕು. ಹಾಗೇನಾದರೂ ಇದ್ದರೆ ಮರಿ ತರುವ ಮುಂಚೆ ಡಾಕ್ಟರ್ ಹತ್ತಿರ ಮಾತಾಡಿ.

ಸಂಜೆಗಾಳಿ:
ಇಲ್ಲ, ಹಿಂದೆ ಇದ್ದವರ ಹತ್ತಿರ ಬೆಕ್ಕಿತ್ತಂತೆ ಅಷ್ಟೇ. ಬಾಲ್ಕನಿ ಕಂಬಿಗಳ ಸಂದಿಯಲ್ಲಿ ಮರಿಯ ತಲೆ ಆರಾಮಾಗಿ ತೂರುತ್ತದೆ ಅನಿಸುತ್ತದೆ, ಅದಕ್ಕೆ ಜಾಲರಿ ಹಾಕಿಸುತ್ತೇನೆ. ಮೆಟ್ಟಿಲಿಗೂ ಒಂದು ಗೇಟ್ ಹೇಳಿದ್ದೇನೆ.