ಅಪ್‌ಡೇಟ್: ಜರ್ಮನಿಯೇ ಗಟ್ಟಿಯಾಯಿತು

ಎಂ.ಎಸ್. ಓದಲು ಬ್ರಿಟನ್ನೋ ಜರ್ಮನಿಯೋ ಎಂದು ಕಲಬುರಗಿಯಿಂದ ಕೇಳಿದ್ದೆನಲ್ಲ, ಜರ್ಮನಿಗೇ ಅರ್ಜಿ ಹಾಕುತ್ತಿದ್ದೇನೆ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಭಾರತೀಯರಿಗೆ ಸೆಮಿಸ್ಟರಿಗೆ 1,500 ಯೂರೋ ಇರುವುದರಿಂದ ಅಲ್ಲಿನವನ್ನು ಕೈಬಿಟ್ಟೆ.

ಅಪ್ಪನನ್ನು ಒಪ್ಪಿಸುವುದೇ ದೊಡ್ಡ ಪರೀಕ್ಷೆ. “ಪುಕ್ಕಟೆ ಕಲಿಸುವವರು ಏನು ಕಲಿಸುತ್ತಾರೆ?” ಎಂದರು. ವೀಸಾಕ್ಕಾಗಿ ಬ್ಲಾಕ್ಡ್ ಖಾತೆಯಲ್ಲಿ, ಅಂದರೆ ಮೊದಲೇ ಹಣ ಇಟ್ಟು ಆಮೇಲೆ ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆಯಲ್ಲಿ, ಒಂದು ವರ್ಷಕ್ಕೆ 11,904 ಯೂರೋ ಇಡಬೇಕೆಂದಾಗಲಂತೂ ಮಾತೇ ನಿಂತಿತು. ಅದು ಶುಲ್ಕವಲ್ಲ, ತಿಂಗಳಿಗೆ 992ರಂತೆ ನನ್ನ ಖರ್ಚಿಗೇ ಬರುತ್ತದೆ ಎಂದು ಅವರ ತೊಗರಿ ವ್ಯಾಪಾರದ ಲೆಕ್ಕದ ಪುಸ್ತಕದಲ್ಲೇ ಬರೆದು ತೋರಿಸಿದೆ. ಬರಹ ಕಂಡರೆ ಅವರಿಗೆ ನಂಬಿಕೆ!

ಮೊದಲು ಎಪಿಎಸ್ ಪ್ರಮಾಣಪತ್ರ (ನಮ್ಮ ಅಂಕಪಟ್ಟಿ, ಪದವಿಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಪತ್ರ) ಮಾಡಿಸು ಎಂದು ಇಲ್ಲಿ ಹೇಳಿದ ಅಕ್ಕನವರಿಗೆ ಧನ್ಯವಾದ. ಅದಿಲ್ಲದೆ ವಿದ್ಯಾರ್ಥಿ ವೀಸಾ ಅರ್ಜಿ ಮುಂದೆ ಸಾಗುವುದಿಲ್ಲ. ಅಂಕಪಟ್ಟಿಗಳನ್ನು ಕಳುಹಿಸಿದ್ದೇನೆ, ಉತ್ತರ ಬರಬೇಕಿದೆ.